ಚೌಕಳಿ ಶರ್ಟಿನ ಜೇಬು

ಜೂನ್ 2, ಭಾನುವಾರ

ಟೈಲರ್ ಅಂಗಡಿಯಿಂದ ಗುಂಡಿ ಹೊಲಿಯುವ ಕೆಲಸ ಮನೆಗೂ ತಂದಿದ್ದೆ. ಮುಗಿಯಲಿಲ್ಲ. ಅಣ್ಣನ ಮಕ್ಕಳು ನಿಧಿ ಹುಡುಕುವ ಆಟ ಬೇಕೆಂದು ಹಟ ಹಿಡಿದರು. ಚೀಟಿ ಬರೆದು ಅಲ್ಲಲ್ಲಿ ಬಚ್ಚಿಟ್ಟೆ. ಎಲ್ಲವನ್ನೂ ದೊಡ್ಡವನೇ ಓದಿದ, ಓಡಿದ, ಗೆದ್ದ. ಅವನನ್ನು ಪಂಡಿತ ಅನ್ನುವುದು ಸುಮ್ಮನೆ ಅಲ್ಲ. ಚಿಕ್ಕವಳು ಗುಬ್ಬಿಗೆ ಐದು ವರ್ಷ, ಇನ್ನೂ ಅಕ್ಷರ ಬಾರದು. ಅವನ ಹಿಂದೆ ಬರೀ ಓಡಾಡಿದಳು.

“ಅತ್ತೆ, ನಾನಿನ್ನು ಆಟಕ್ಕೇ ಬರಲ್ಲ.”

ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಜೂನ್ 6, ಗುರುವಾರ

ಅಂಗಡಿಯಲ್ಲಿ ಕಾಲರ್ ಹೊಲಿಯುತ್ತಾ ಹೊಳೆಯಿತು. ಚೀಟಿ ಯಾಕೆ? ಬಟ್ಟೆ ಸಾಕು. ಕಿಟಕಿಯ ಪರದೆ, ದಿಂಬಿನ ಕವರ್, ಅಣ್ಣನ ಚೌಕಳಿ ಶರ್ಟು — ಎಲ್ಲಾ ನಾನೇ ಹೊಲಿದದ್ದು. ಉಳಿದ ತುಂಡುಗಳು ಗಂಟಿನಲ್ಲಿ ಹಾಗೇ ಇವೆ. ತುಂಡು ಸಿಕ್ಕರೆ ಅದೇ ಬಟ್ಟೆ ಮನೆಯಲ್ಲಿ ಎಲ್ಲಿದೆ ಅಂತ ಹುಡುಕಬೇಕು. ಅಲ್ಲಿ ಮುಂದಿನ ತುಂಡು. ಓದುವ ರಗಳೆಯೇ ಇಲ್ಲ.

ರಾತ್ರಿ ತುಂಡು ಆರಿಸುವಾಗ ಅತ್ತಿಗೆ ನೋಡಿದರು. “ಏನಾದ್ರೂ ಮಾಡ್ಕೊ. ಕತ್ತರಿ ಮಾತ್ರ ಮೇಲಿಡಮ್ಮ. ಆ ಗುಬ್ಬಿ ಕೈಗೆ ಸಿಕ್ಕಿದ್ರೆ ಮನೇನೇ ಕತ್ತರಿಸ್ತಾಳೆ.”

ಜೂನ್ 9, ಭಾನುವಾರ, ಬೆಳಗ್ಗೆ

ಬಾಗಿಲ ಹಿಂದೆ ನೇತಾಡುವ ಚೌಕಳಿ ಶರ್ಟಿನ ಜೇಬಲ್ಲಿ ನಿಧಿ ಇಟ್ಟಾಯಿತು — ಎರಡು ಪೀಪಿ. ಗುಬ್ಬಿಯನ್ನು ಆಟಕ್ಕೆ ಹೇಗೆ ಒಪ್ಪಿಸುವುದೋ…

ಅದೇ ದಿನ, ಮಧ್ಯಾಹ್ನ

ನಗು ಇನ್ನೂ ನಿಂತಿಲ್ಲ.

ಮೊದಲ ತುಂಡನ್ನು ಗುಬ್ಬಿಯ ಮಡಿಲಿಗೆ ಹಾಕಿದೆ. ಮುಟ್ಟಿ ನೋಡಿದಳು. ಎದ್ದು ಸೀದಾ ಪರದೆಯ ಹತ್ತಿರ ಹೋದಳು. ಪಂಡಿತ ತುಂಡನ್ನು ಹಿಂದೆ ಮುಂದೆ ತಿರುಗಿಸಿ, “ಇದ್ರಲ್ಲಿ ಏನೂ ಬರ್ದೇ ಇಲ್ವಲ್ಲ?” ಅಂದ. ಪರದೆಯಿಂದ ದಿಂಬಿಗೆ. ದಿಂಬಿನ ಕವರಿನೊಳಗೆ ಚೌಕಳಿ ತುಂಡು. ಬಾಗಿಲ ಹಿಂದೆ ನೋಡಿದರೆ — ಬರೀ ಮೊಳೆ.

ಅಣ್ಣ ಆ ಶರ್ಟನ್ನೇ ಹಾಕಿಕೊಂಡು ಕೂದಲು ಕಟಿಂಗ್‌ಗೆ ಹೋಗಿದ್ದ. ಇವಳು ಇವತ್ತೂ ಸೋತರೆ ಇನ್ನು ಯಾವ ಆಟಕ್ಕೂ ಬರುವುದಿಲ್ಲ.

“ಅಪ್ಪನ ಮೈಮೇಲಿದೆ,” ಅಂದಳು ಗುಬ್ಬಿ. ನನ್ನ ಕೈ ಹಿಡಿದು ಎಳೆದಳು. ಪಂಡಿತ ಹಿಂದೆ.

ಗಂಡಸರ ಅಂಗಡಿ. ಹೊಸ್ತಿಲಲ್ಲೇ ತಲೆ ತಗ್ಗಿಸಿ ನಿಂತೆ. ಅವಳು ನುಗ್ಗಿ, ಅಣ್ಣನಿಗೆ ಹೊದಿಸಿದ್ದ ಬಿಳಿ ಬಟ್ಟೆ ಎತ್ತಿ, “ನಿಧಿ!” ಎನ್ನುತ್ತಾ ಜೇಬಿಗೆ ಕೈ ಹಾಕಿದಳು. ಅಣ್ಣನಿಗೆ ಅರ್ಧ ಕಟಿಂಗ್ ಆಗಿತ್ತು.

“ಅದೇನೇ? ಬಾಚಣಿಗೆ ಚುಚ್ತಿದೆ ಅಂದ್ಕೊಂಡಿದ್ದೆ.”

“ನಿಧಿನಾ? ನನ್ನ ಪಾಲು ಕೊಟ್ಟು ಹೋಗಮ್ಮ,” ಅಂದ ಕಟಿಂಗ್ ಅಂಗಡಿಯವನು.

ಅಲ್ಲೇ ಊದಿದಳು. ಇನ್ನೊಂದು ಪೀಪಿ ಪಂಡಿತನಿಗೆ ಕೊಟ್ಟಳು. “ಹೆಂಗೆ ಹುಡುಕೋದು ಅಂತ ನಾನ್ ಹೇಳ್ಕೊಡ್ತೀನಿ ನಿಂಗೆ.”

ಅಷ್ಟು ಜನರೆದುರು ನಾನೂ ತಲೆಯೆತ್ತಿ ನಕ್ಕುಬಿಟ್ಟೆ.

ಜೂನ್ 17, ಸೋಮವಾರ, ಬೆಳಗ್ಗೆ

ವಾರವಿಡೀ ಪೀಪಿ. ಅತ್ತಿಗೆ ಕಿವಿಗೆ ಹತ್ತಿ ಇಟ್ಟುಕೊಂಡೇ ಅಡುಗೆ ಮಾಡುತ್ತಾರೆ.

ಈಗ ಏಳುವಾಗ ನನ್ನ ದಿಂಬಿನ ಕೆಳಗೆ ಒಂದು ತುಂಡು. ಬಾಗಿಲಲ್ಲಿ ಗುಬ್ಬಿ, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾ —

“ಅತ್ತೆ, ಇವತ್ತು ನೀನು ಹುಡುಕು.”

ಖಾಕಿ. ದಪ್ಪ ಬಟ್ಟೆ. ಅಂಚೆಲ್ಲ ಹಲ್ಲು ಹಲ್ಲು. ನಿನ್ನೆ ಕತ್ತರಿ ಮೇಲಿಟ್ಟಿದ್ದೆನಾ? ಇದು ಗಂಟಿನ ತುಂಡಲ್ಲ. ಅಣ್ಣ ಬಸ್ಸು ಓಡಿಸಲು ಹೋಗುವಾಗ ಹಾಕುವ ಪ್ಯಾಂಟಿನದು. ಅಣ್ಣ ಒಳಗೆ ಈಗ ತಾನೇ ಡ್ಯೂಟಿಗೆ ಬಟ್ಟೆ ಹಾಕಿಕೊಳ್ಳುತ್ತಿ—