ಬೀರುವಿನ ಪೇಪರ್ ಕೆಳಗಿನ ವರದಿ

ದಾವಣಗೆರೆ, ಫೆಬ್ರವರಿ 30, 2184

ಪೂಜ್ಯ ಗುರುಸಿದ್ದಪ್ಪಜ್ಜನವರಿಗೆ, ನಿಮ್ಮ ಆರನೇ ತಲೆಮಾರಿನ ಗಂಗಾಂಬಿಕೆಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಹಿಂದಂಚೆ, ಅಂದರೆ ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆ, ಒಂದು ಮನೆತನಕ್ಕೆ ಒಂದೇ ಹಾಳೆ ಕೊಡುತ್ತದೆ. ತುಂಬ ಹೆದರಿದ್ದೇನೆ, ಅದಕ್ಕೇ ನೇರವಾಗಿ ಬರೆಯುತ್ತಿದ್ದೇನೆ.

ಈಗ ಸಂಬಂಧ ನೋಡುವಾಗ ಯಾರೂ ಜಾತಕ ಕೇಳುವುದಿಲ್ಲ, ಈಲಿಪಟ ಕೇಳುತ್ತಾರೆ. ಯಕೃತ್ತಿನಲ್ಲಿ ಎಷ್ಟು ಕೊಬ್ಬು ಕೂತಿದೆ, ಅದೆಷ್ಟು ಗಟ್ಟಿಯಾಗಿದೆ ಎಂದು ತೋರಿಸುವ ಚಿತ್ರ ಅದು. ಕೊಬ್ಬು ಕಂಡರೆ ಬಂದವರು ಕೊಟ್ಟ ಮಂಡಕ್ಕಿಯನ್ನೂ ಮುಟ್ಟದೆ ಎದ್ದುಹೋಗುತ್ತಾರೆ. ಹಾಗಾಗಿ ಎಲ್ಲರೂ ಪಟ ಮುಚ್ಚಿಡುತ್ತಾರೆ. ಮುಚ್ಚಿಟ್ಟವರು ಕೊನೆಗೆ ಹಳದಿ ಕಣ್ಣು, ನೀರು ತುಂಬಿದ ಹೊಟ್ಟೆ ಹೊತ್ತು ಬದಲಿಸಾಲಿಗೆ ಬರುತ್ತಾರೆ. ಬೇರೆಯವರ ಯಕೃತ್ತಿಗಾಗಿ ಕಾಯುವವರ ಸಾಲು ಅದು. ನಮ್ಮ ಬೀದಿಯ ತಿರುವಿನವರೆಗೂ ಬಂದಿದೆ. ಕಿಟಕಿ ತೆರೆಯಲು ನನಗೆ ಭಯ.

ಈ ಮುಚ್ಚಿಡುವ ಚಾಳಿ ನಮ್ಮ ಮನೆಯಲ್ಲಿ ಶುರುವಾದದ್ದು ನಿಮ್ಮಿಂದ, ಅಜ್ಜ. ನೀವು ಪಾನನಿರೋಧ ಸಮಿತಿಯ ಕಾರ್ಯದರ್ಶಿ. ಸ್ಕ್ಯಾನ್ ವರದಿಯಲ್ಲಿ ‘ಫ್ಯಾಟಿ ಲಿವರ್, ಮೊದಲ ಹಂತ’ ಎಂದು ಬಂದಾಗ ಅದನ್ನು ಬೀರುವಿನ ಖಾನೆಗೆ ಹಾಸಿದ ಪೇಪರ್ ಕೆಳಗೆ ತಳ್ಳಿಬಿಟ್ಟಿರಿ. ಹಿಂಬದಿಯಲ್ಲಿ ನಿಮ್ಮದೇ ಕೈಬರಹ: “ಒಂದ್ ಹನಿ ಮುಟ್ಟಿದೋನಲ್ಲ ನಾನು. ಲಿವರ್ ಅಂದ್ರೆ ಸಾಕು, ಕದ್ದು ಕುಡೀತಾನೆ ಅಂತಾರೆ ಜನ.” ಕುಡಿಯದವರಿಗೂ ಬರುತ್ತದೆ, ಅಜ್ಜ. ಸಿಹಿ, ಕರಿದದ್ದು, ಕೂತಲ್ಲೇ ಕೂತು ಬೆಳೆಸಿದ ಹೊಟ್ಟೆ, ಇಷ್ಟು ಸಾಕು. ನೋವಾಗುವುದಿಲ್ಲ, ಅದೇ ಅದರ ಮೋಸ. ಆಗಲೇ ವೈದ್ಯರ ಮಾತು ಕೇಳಿ ದಿನಾ ನಡೆದಿದ್ದರೆ, ಊಟ ತಿದ್ದಿಕೊಂಡು ತೂಕ ಇಳಿಸಿದ್ದರೆ, ಹಿಂದೆ ಸರಿಯುತ್ತಿತ್ತು. ನೀವು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ನಿಮ್ಮ ಮಗನೂ ಹಾಗೇ ಮುಚ್ಚಿಟ್ಟ, ಅವನ ಮಗಳೂ.

ನಿಮ್ಮನ್ನು ಬಯ್ಯುವ ಯೋಗ್ಯತೆ ನನಗಿಲ್ಲ. ಆ ವರದಿ ನನಗೆ ಸಿಕ್ಕಿದ್ದು ನನ್ನ ಮಗಳು ನೀಲವ್ವನ ಈಲಿಪಟ ಅಡಗಿಸಲು ಅದೇ ಖಾನೆಯ ಪೇಪರ್ ಎತ್ತಿದಾಗ. ಓದಿದೆ. ಓದಿಯೂ ಅವಳದನ್ನು ನಿಮ್ಮದರ ಪಕ್ಕದಲ್ಲೇ ಇಟ್ಟೆ. ನಿಶ್ಚಿತಾರ್ಥವೊಂದು ಮುಗಿಯಲಿ ಎಂದುಕೊಂಡೆ. ಎರಡು ವರ್ಷವಾಯಿತು. ಇವತ್ತು ಬೆಳಿಗ್ಗೆ ಅವಳ ಕಣ್ಣು ಹಳದಿಯಾಗಿತ್ತು.

ನಿಮ್ಮ ಕಾಲಿಗೆ ಬೀಳುತ್ತೇನೆ. ವರದಿಯನ್ನು ಈಗಲೇ ಹೊರತೆಗೆದು ಅಜ್ಜಿಯ ಕೈಗೆ ಕೊಡಿ, ಮಕ್ಕಳೆದುರು ಗಟ್ಟಿಯಾಗಿ ಓದಿಸಿ. ನಾನು ಬೀರುವಿನ ಹಿಡಿ ಹಿಡಿದು ನಿಂತಿದ್ದೇನೆ. ತೆರೆದಾಗ ಅಲ್ಲಿ ಯಾರ ಕಾಗದವೂ ಇರಬಾರದು.