ಅಳಿಯನ ಗೆರೆ

ಮಾರ್ಚ್ ೧೨, ಗುರುವಾರ

ಮೂರನೇ ಸಲವೂ ಪರೀಕ್ಷೆಯ ಫಿಲ್ಮಿನ ಮೇಲೆ ಅದೇ ಕಪ್ಪು ಗೆರೆ. ಕೊಬ್ಬಿನಾಮ್ಲಗಳನ್ನು ಹತೋಟಿಯಲ್ಲಿಡುವ ಕಿಣ್ವ ಇದ್ದಲ್ಲಿ ಮಾತ್ರ ಗೆರೆ ಮೂಡಿಸಬೇಕಾದ ನಮ್ಮ ಆಂಟಿಬಾಡಿ, ಆ ಕಿಣ್ವವೇ ಇಲ್ಲದಂತೆ ಬೆಳೆಸಿದ ಇಲಿಯ ಯಕೃತ್ತಿನಲ್ಲೂ ಮೂಡಿಸಿದೆ. ಅಂದರೆ ಇಷ್ಟು ದಿನ ಅದು ಹಿಡಿದು ತೋರಿಸಿದ್ದು ಬೇರೇನನ್ನೋ. ಲ್ಯಾಬಿನಲ್ಲಿ ಈ ಆಂಟಿಬಾಡಿಗೆ ಅಳಿಯ ಎಂದೇ ಹೆಸರು. ಮೂರು ವರ್ಷ ಐಸಿನ ಮೇಲೆ ಕೂರಿಸಿ ಉಪಚರಿಸಿದೆವು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇಂಥ ಇಲಿಯನ್ನು ಮೊದಲ ದಿನವೇ ತರಿಸಬೇಕಿತ್ತು.

"ಸ್ಯಾಂಪಲ್ ಅದಲುಬದಲಾಗಿರ್ಬೇಕು ಕಣೆ," ಎಂದರು ಗೈಡ್ ಮೇಡಂ.

"ಇಲ್ಲ ಮೇಡಂ, ಮೂರು ಸಲಾನೂ ನಾನೇ ಹಾಕಿದ್ದು."

ಮೇಡಂ ಫಿಲ್ಮನ್ನು ಮೇಜಿನ ಮೇಲಿಟ್ಟು ಕೇಳಿದರು, "ನಿನ್ನ ಥೀಸಿಸ್‌ನಲ್ಲಿ ಈ ಗೆರೆ ಎಷ್ಟು ಕಡೆ ಇದೆ?"

ಎಲ್ಲ ಅಧ್ಯಾಯದಲ್ಲೂ ಇದೆ. "ನೋಡಿ ಹೇಳ್ತೀನಿ," ಎಂದೆ.

ಇಷ್ಟಾದರೂ ಹೊರಡುವಾಗ ಅಳಿಯನ ಸೀಸೆಯ ಮುಚ್ಚಳ ಬಿಗಿಮಾಡಿ, ಫ್ರಿಜ್ಜಿನಲ್ಲಿ ಅವನ ಜಾಗದಲ್ಲೇ ಜೋಪಾನವಾಗಿ ಇಟ್ಟುಬಂದೆ.