ಮೀನಿನ ತೊಟ್ಟಿಯ ಮಗ್ಗು

ರೀ,

ಮೊದಲು ಮೀನಿನ ತೊಟ್ಟಿ ನೋಡಿ, ಆಮೇಲೆ ಬೂಟು ಬಿಚ್ಚಿ.

ಬದನೆಗಿಡದ ಹುಳ ಸಾಯಿಸ್ತೀನಿ ಅಂತ ಡೆರಿಸ್ ಬಳ್ಳಿಯ ಬೇರು ಜಜ್ಜಿ, ಮೀನಿನ ತೊಟ್ಟಿಯ ಮಗ್ಗಲ್ಲೇ ನೆನೆಸಿದ್ರಲ್ಲ! ತೊಳೆಯದೆ ಅಲ್ಲೇ ಬೇರೆ ಇಟ್ಟಿದ್ರಿ. ಬೆಳಿಗ್ಗೆ ಮಗಳು ಅದರಲ್ಲೇ ತೊಟ್ಟಿಗೆ ನೀರು ತುಂಬಿಸಿದ್ದಾಳೆ. ಅವಳು ಸ್ಕೂಲಿಗೆ ಹೋದಮೇಲೆ ನೋಡ್ತೀನಿ, ಒಂದು ಮೀನೂ ಉಳಿದಿಲ್ಲ. ನಿನ್ನೆ ಮಟಮಟ ಮಧ್ಯಾಹ್ನ ಸಿಂಪಡಿಸಿದ್ದಕ್ಕೆ ಬಿಸಿಲಿಗೇ ವಿಷದ ಸತ್ವ ಹೋಗಿ, ನಿಮ್ಮ ಹುಳ ಮಾತ್ರ ಆರಾಮಾಗಿ ಮೇಯ್ತಿವೆ.

ನಾನು ಡ್ಯೂಟಿಗೆ ಹೊರಟೆ. ಆ ಮಗ್ಗು ಬಿಸಾಕಿ. ಊಟ ಮುಚ್ಚಿಟ್ಟಿದ್ದೀನಿ, ಸೋಪು ಹಾಕಿ ಕೈ ತೊಳೆದೇ ಮುಟ್ಟಿ.

ಮಗಳು ಬಂದು ನೋಡಿದರೆ ತಾನೇ ಕೊಂದೆ ಅಂದ್ಕೋತಾಳೆ. "ಬರೀ ಬೇರು ಕಣೇ, ಏನೂ ಆಗಲ್ಲ" ಅಂತ ನನ್ನ ಬಾಯಿ ಮುಚ್ಚಿಸಿದ್ರಲ್ಲ, ಈಗ ಅವಳೆದುರು ನೀವೇ ಬಾಯಿ ಬಿಡಿ.